ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸುವ ಚಿಕಿತ್ಸೆ ಶುರು ಮಾಡಿದ್ದು ಯಾರು? ಜೇನು ಸಾಕುತ್ತಿದ್ದ ಡಿ.ಡಿ. ಪಾಮರ್ ಅವರ ಕಥೆ

ಒಬ್ಬರು ಮಲಗಿರುತ್ತಾರೆ. ಇನ್ನೊಬ್ಬರು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಥಟ್ಟನೆ ಒಂದು ಕಡೆಗೆ ತಿರುಗಿಸುತ್ತಾರೆ. ಲಟಕ್ ಅಂತ ಸದ್ದು ಬರುತ್ತದೆ. ಮಲಗಿದ್ದವರು ಎದ್ದು ನಗುತ್ತಾರೆ. ಇಂಥ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಎಷ್ಟೋ ವರ್ಷದ ನೋವು ಎರಡೇ ನಿಮಿಷದಲ್ಲಿ ಮಾಯ ಎಂದು ಅದರ ಕೆಳಗೆ ಬರೆದಿರುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ ತಲೆಸುತ್ತು, ಅಸ್ತಮಾ, ಕಿವುಡುತನಕ್ಕೂ ಇದೇ ಮದ್ದು ಎನ್ನುತ್ತಾರೆ.

ಈ ಚಿಕಿತ್ಸೆಯ ಹೆಸರು ಕೈರೋಪ್ರಾಕ್ಟಿಕ್. ಇದನ್ನು ಮಾಡುವವರು ಏನು ಓದಿರಬೇಕು, ಯಾರಿಂದ ಲೈಸೆನ್ಸ್ ಪಡೆದಿರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಈ ಫಾರ್ವರ್ಡುಗಳಲ್ಲಿ ಯಾರೂ ಎತ್ತುವುದಿಲ್ಲ. ಆದರೆ ಈ ಪ್ರಶ್ನೆ ನೂರು ವರ್ಷಕ್ಕೂ ಹಳೆಯದು. ಈ ಚಿಕಿತ್ಸೆ ಹುಟ್ಟುಹಾಕಿದ ವ್ಯಕ್ತಿಯೇ ಇದೇ ಪ್ರಶ್ನೆಯಿಂದಾಗಿ ಜೈಲಿಗೆ ಹೋಗಿದ್ದರು. ಅವರ ಬದುಕನ್ನು ನೋಡಿದರೆ ಇವತ್ತು ನಾವು ಏನು ಕೇಳಬೇಕು ಎಂಬುದು ಸ್ಪಷ್ಟವಾಗುತ್ತದೆ.

ಒಂದೇ ನೋಟದಲ್ಲಿ

• ಕೈರೋಪ್ರಾಕ್ಟಿಕ್ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿನಲ್ಲಿ.
• ಶುರು ಮಾಡಿದ ಡೇನಿಯಲ್ ಡೇವಿಡ್ ಪಾಮರ್ ವೈದ್ಯಕೀಯ ಕಾಲೇಜಿನಲ್ಲಿ ಓದಿರಲಿಲ್ಲ.
• ಇವತ್ತು ಅಮೆರಿಕದಲ್ಲಿ ಇದಕ್ಕೆ ಏಳೆಂಟು ವರ್ಷದ ಓದು, ರಾಷ್ಟ್ರಮಟ್ಟದ ಪರೀಕ್ಷೆ ಮತ್ತು ರಾಜ್ಯದ ಲೈಸೆನ್ಸ್ ಬೇಕು.
• ಭಾರತದಲ್ಲಿ ಕೈರೋಪ್ರಾಕ್ಟರುಗಳಿಗೆಂದೇ ಕಾನೂನಿನ ಪ್ರಕಾರ ರಚಿಸಿದ ಕೌನ್ಸಿಲ್ ಇಲ್ಲ. ಹಾಗಾಗಿ ವಿಚಾರಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ಮೇಷ್ಟ್ರು, ಜೇನು ಸಾಕಣೆ, ದಿನಸಿ ಅಂಗಡಿ

ಪಾಮರ್ ಎಂಬ ಹೆಸರು ಕೇಳಿದರೆ ನಮಗೆ ಪಂಡಿತ–ಪಾಮರ ನೆನಪಾಗುತ್ತದೆ. ಇಬ್ಬರಿಗೂ ಸಂಬಂಧವಿಲ್ಲ, ಅದು ಇಂಗ್ಲಿಷ್ ಮನೆತನದ ಹೆಸರು. ಡೇನಿಯಲ್ ಡೇವಿಡ್ ಪಾಮರ್ ಹುಟ್ಟಿದ್ದು 1845ರ ಮಾರ್ಚ್ 7ರಂದು, ಕೆನಡಾದ ಟೊರಾಂಟೊ ನಗರಕ್ಕೆ ಹತ್ತಿರದ ಪಿಕರಿಂಗ್ ಪ್ರದೇಶದಲ್ಲಿ. ಮನೆಯಲ್ಲಿ ಹಣಕಾಸಿನ ತಾಪತ್ರಯವಿತ್ತು. 1865ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ತಮ್ಮನ ಜೊತೆ ಅಮೆರಿಕಕ್ಕೆ ಹೊರಟರು.

ಅಲ್ಲಿ ಅವರು ಹಿಡಿಯದ ಕೆಲಸವಿಲ್ಲ. ಅಯೋವಾ ಕಡೆಯ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿ ಪಾಠ ಹೇಳಿದರು. ಇಲಿನಾಯ್ ರಾಜ್ಯದ ನ್ಯೂ ಬೋಸ್ಟನ್‌ನಲ್ಲಿ ಜಮೀನು ಮಾಡಿ ಜೇನು ಸಾಕಿದರು, ರಾಸ್ಪ್‌ಬೆರಿ ಹಣ್ಣಿನ ಸಸಿ ಬೆಳೆಸಿ ಮಾರಿದರು. ಆಮೇಲೆ ಅಯೋವಾದ ವಾಟ್ ಚಿಯರ್ ಎಂಬ ಪುಟ್ಟ ಊರಿನಲ್ಲಿ ದಿನಸಿ ಅಂಗಡಿ ಇಟ್ಟರು, ಜೊತೆಗೆ ಗೋಲ್ಡ್‌ಫಿಶ್ ವ್ಯಾಪಾರವನ್ನೂ ಮಾಡಿದರು. ಅವರ ಮಗ ಬಾರ್ಟ್‌ಲೆಟ್ ಜೋಶುವಾ ಹುಟ್ಟಿದ್ದು ಅದೇ ಊರಿನಲ್ಲಿ, 1882ರಲ್ಲಿ. ಮುಂದೆ ಬಿ.ಜೆ. ಎಂದೇ ಹೆಸರಾದ ಈ ಮಗ ಕಥೆಯಲ್ಲಿ ಮತ್ತೆ ಬರುತ್ತಾರೆ.

ಪಾಮರ್ ಅವರಿಗೆ ಪುಸ್ತಕದ ಹುಚ್ಚಿತ್ತು. ಶರೀರರಚನೆಯ ಪುಸ್ತಕಗಳನ್ನೂ ಆ ಕಾಲದ ಅಧ್ಯಾತ್ಮದ ಪುಸ್ತಕಗಳನ್ನೂ ಒಂದೇ ಉತ್ಸಾಹದಲ್ಲಿ ಓದುತ್ತಿದ್ದರು. ಮೂಳೆಗಳನ್ನು ಕೊಂಡು ತಂದು ಜೋಡಿಸಿಡುತ್ತಿದ್ದರು. ಎಲ್ಲವೂ ಸ್ವಂತ ಓದು. ಯಾರೂ ಅವರನ್ನು ಪರೀಕ್ಷೆ ಮಾಡಿದ್ದಿಲ್ಲ, ತಪ್ಪು ತಿದ್ದಿದ್ದೂ ಇಲ್ಲ.

ಜನ ಅವರ ಹತ್ತಿರ ಏಕೆ ಹೋಗುತ್ತಿದ್ದರು?

1880ರ ದಶಕದ ಕೊನೆಯಲ್ಲಿ ಪಾಮರ್ ಅಂಗಡಿ ಬಿಟ್ಟು ಕಾಂತ ಚಿಕಿತ್ಸಕರಾದರು. ಕೈಯಿಂದ ಒಂದು ಬಗೆಯ ಕಾಂತಶಕ್ತಿ ರೋಗಿಯ ಮೈಗೆ ಹರಿದು ಕಾಯಿಲೆ ವಾಸಿಯಾಗುತ್ತದೆ ಎಂಬುದು ಆ ಚಿಕಿತ್ಸೆಯ ನಂಬಿಕೆ. ಅಂಥ ಶಕ್ತಿ ಇದೆ ಎನ್ನಲು ಆಗಲೂ ಪುರಾವೆ ಇರಲಿಲ್ಲ, ಈಗಲೂ ಇಲ್ಲ. ಆದರೂ ಡ್ಯಾವೆನ್‌ಪೋರ್ಟ್‌ನಲ್ಲಿ ಅವರಿಗೆ ಒಳ್ಳೆಯ ಹೆಸರು ಬಂತು, ಸಂಪಾದನೆಯೂ ಆಯಿತು.

ಜನ ಮೋಸಹೋದರು ಎಂದು ನಾವು ಸುಮ್ಮನೆ ನಗುವಂತಿಲ್ಲ. ಆ ಕಾಲದ ಡಾಕ್ಟರ ಪೆಟ್ಟಿಗೆಯಲ್ಲಿ ಏನಿತ್ತು ಎಂಬುದನ್ನೂ ನೋಡಬೇಕು. ಪಾದರಸ ಸೇರಿಸಿದ ಭೇದಿ ಮದ್ದು ಇನ್ನೂ ಬಳಕೆಯಲ್ಲಿತ್ತು. ಅಂಗಡಿಯಲ್ಲಿ ಮಾರುವ ಟಾನಿಕ್ಕುಗಳಲ್ಲಿ ಅಫೀಮು, ಮದ್ಯ ಇರುತ್ತಿದ್ದವು. ಹಣ ಕಟ್ಟಿದವರಿಗೆಲ್ಲ ಪದವಿ ಕೊಡುವ ವೈದ್ಯಕೀಯ ಶಾಲೆಗಳೂ ಸಾಕಷ್ಟಿದ್ದವು. ಅಂಥ ಕಡೆ ಹೋಗಿ ಹಾಳಾಗುವ ಬದಲು ಔಷಧಿ ಕೊಡದೆ, ಕೈಯಿಂದ ಮುಟ್ಟಿ, ಸಮಾಧಾನದಿಂದ ಮಾತು ಕೇಳುವವರ ಹತ್ತಿರ ಹೋಗುವುದು ಮೇಲು ಎಂದು ಎಷ್ಟೋ ಜನಕ್ಕೆ ಅನ್ನಿಸಿತ್ತು.

ಕೈಯಿಂದ ಮೂಳೆ ಕೀಲು ಸರಿಮಾಡುವ ವಿದ್ಯೆಯೂ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಮೂಳೆ ಕಟ್ಟುವವರು ಇದ್ದ ಹಾಗೆ ಯುರೋಪಿನಲ್ಲೂ ಇದ್ದರು. ಪಕ್ಕದ ಮಿಸೌರಿ ರಾಜ್ಯದಲ್ಲಿ ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯರು 1892ರಲ್ಲೇ ಆಸ್ಟಿಯೋಪಥಿ ಎಂಬ ಕೈಚಿಕಿತ್ಸೆಯ ಶಾಲೆ ತೆರೆದಿದ್ದರು.

1895: ಕಿವುಡುತನ ನಿಜಕ್ಕೂ ಹೋಯಿತೇ?

ಪಾಮರ್ ಅವರ ಕಚೇರಿ ಇದ್ದ ಕಟ್ಟಡವನ್ನು ಸ್ವಚ್ಛಗೊಳಿಸಿ ನೋಡಿಕೊಳ್ಳುತ್ತಿದ್ದವರು ಹಾರ್ವೆ ಲಿಲ್ಲಾರ್ಡ್ ಎಂಬ ಕಪ್ಪು ವರ್ಣೀಯ ಕೆಲಸಗಾರ. ಅವರಿಗೆ 17 ವರ್ಷದಿಂದ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬಗ್ಗಿ ಕೆಲಸ ಮಾಡುವಾಗ ಬೆನ್ನಿನಲ್ಲಿ ಏನೋ ಕಳಚಿದಂತಾಗಿ, ಅಲ್ಲಿಂದ ಕಿವಿ ಕೇಳಿಸದಂತಾಯಿತು ಎಂದು ಅವರು ಹೇಳಿದರಂತೆ. ಪಾಮರ್ ಬೆನ್ನು ನೋಡಿದರು, ಒಂದು ಮಣಿ ಎದ್ದಂತೆ ಕಂಡಿತು. ಅದನ್ನು ಒತ್ತಿ ಕೂರಿಸಿದರು, ಕಿವಿ ಕೇಳಿಸಿತು. ಇದು ಪಾಮರ್ ಬರೆದಿಟ್ಟ ಕಥೆ. 1895ರ ಸೆಪ್ಟೆಂಬರ್ 18ನ್ನು ಕೈರೋಪ್ರಾಕ್ಟಿಕ್ ಹುಟ್ಟಿದ ದಿನ ಎಂದು ಈಗಲೂ ಆಚರಿಸುತ್ತಾರೆ.

ಲಿಲ್ಲಾರ್ಡ್ ಅವರ ಮಗಳು ಮುಂದೆ ಹೇಳಿದ ಕಥೆ ಬೇರೆಯೇ ಇದೆ. ಅದರ ಪ್ರಕಾರ ಅಲ್ಲಿ ಚಿಕಿತ್ಸೆಯೇ ನಡೆಯುತ್ತಿರಲಿಲ್ಲ. ಹೊರಗಡೆ ತಮಾಷೆ ಮಾತು ನಡೆದಿತ್ತು, ಅದನ್ನು ಮೆಚ್ಚಿದ ಪಾಮರ್ ಕೈಲಿದ್ದ ಪುಸ್ತಕದಿಂದ ಲಿಲ್ಲಾರ್ಡ್ ಬೆನ್ನಿಗೆ ಹೊಡೆದರು. ಕೆಲವು ದಿನದ ಮೇಲೆ ಕಿವಿ ಸ್ವಲ್ಪ ಸುಧಾರಿಸಿದಂತೆ ಅನ್ನಿಸಿತು.

ಎರಡರಲ್ಲಿ ಯಾವುದು ನಿಜವಾದರೂ ಒಂದು ತೊಡಕು ಉಳಿಯುತ್ತದೆ. ಶಬ್ದವನ್ನು ಮೆದುಳಿಗೆ ಒಯ್ಯುವ ನರ ಒಳಗಿವಿಯಿಂದ ಹೊರಟು ತಲೆಬುರುಡೆಯ ಒಳಗೇ ಮೆದುಳಿನ ಕಾಂಡವನ್ನು ಸೇರುತ್ತದೆ. ಅದು ಕುತ್ತಿಗೆಗೂ ಇಳಿಯುವುದಿಲ್ಲ, ಬೆನ್ನಿಗೂ ಇಳಿಯುವುದಿಲ್ಲ. ಬೆನ್ನಿನ ಮಣಿ ಸರಿದು ಕಿವಿಯ ನರವನ್ನು ಅಮುಕಿತು ಎನ್ನುವುದು ಹೀಗಾಗಿ ಶರೀರರಚನೆಗೆ ಹೊಂದುವುದಿಲ್ಲ. ಕಿವಿ ಪರೀಕ್ಷೆಯನ್ನು ಚಿಕಿತ್ಸೆಗೆ ಮೊದಲು ಮತ್ತು ನಂತರ ಯಾರೂ ಮಾಡಿ ದಾಖಲಿಸಿಲ್ಲ. ಇರುವುದು ಒಬ್ಬ ರೋಗಿ, ಎರಡು ಕಥೆ ಅಷ್ಟೇ. ಬೆನ್ನು ಒತ್ತಿದರೆ ಕಿವುಡುತನ ಹೋಗುತ್ತದೆ ಎಂಬ ಇವತ್ತಿನ ಫಾರ್ವರ್ಡಿನ ಮೂಲ ಇದೇ.

ಒಂದು ಘಟನೆಯಿಂದ ಇಡೀ ಸಿದ್ಧಾಂತ

ಇದಾದ ಮೇಲೆ ಹೃದಯದ ತೊಂದರೆ ಇದ್ದ ಒಬ್ಬರ ಬೆನ್ನಿನಲ್ಲೂ ಸರಿದ ಮಣಿ ಸಿಕ್ಕಿತು, ಒತ್ತಿದ ಮೇಲೆ ಅವರಿಗೂ ಆರಾಮಾಯಿತು ಎಂದು ಪಾಮರ್ ಬರೆದಿದ್ದಾರೆ. ಕಿವಿ, ಹೃದಯ ಎರಡಕ್ಕೂ ಬೆನ್ನುಮೂಳೆಯೇ ಕಾರಣವಾದರೆ ಉಳಿದ ರೋಗಗಳಿಗೂ ಅದೇ ಕಾರಣ ಏಕಾಗಬಾರದು ಎಂದು ಅವರು ಯೋಚಿಸಿದರು. ನೂರಕ್ಕೆ 95 ಕಾಯಿಲೆ ಬೆನ್ನುಮೂಳೆಯ ಮಣಿ ಸರಿದು ಬರುತ್ತದೆ, ಉಳಿದ 5 ಮೈಯ ಬೇರೆ ಕೀಲುಗಳಿಂದ ಬರುತ್ತದೆ ಎಂಬ ತೀರ್ಮಾನಕ್ಕೆ ಬಂದರು. ರೋಗಾಣುಗಳಿಂದ ಕಾಯಿಲೆ ಬರುತ್ತದೆ ಎಂಬುದನ್ನು ಅವರು ಒಪ್ಪಲಿಲ್ಲ. ಲಸಿಕೆಯನ್ನೂ ವಿರೋಧಿಸಿದರು. ಪ್ಯಾರಿಸ್ಸಿನ ಪಾಶ್ಚರ್, ಬರ್ಲಿನ್ನಿನ ಕಾಕ್ ಸೂಕ್ಷ್ಮದರ್ಶಕದಲ್ಲಿ ರೋಗಾಣುಗಳನ್ನು ತೋರಿಸಿ ಆಗಲೇ ವರ್ಷಗಳಾಗಿದ್ದವು.

ಕೈಯಿಂದ ಮಾಡುವ ಕೆಲಸ ಎಂಬ ಅರ್ಥ ಬರುವಂತೆ ಎರಡು ಗ್ರೀಕ್ ಪದ ಸೇರಿಸಿ ಕೈರೋಪ್ರಾಕ್ಟಿಕ್ ಎಂಬ ಹೆಸರು ಕೊಟ್ಟವರು ಅವರ ರೋಗಿಯೂ ಗೆಳೆಯರೂ ಆಗಿದ್ದ ಪಾದ್ರಿ ಸ್ಯಾಮ್ಯುಯೆಲ್ ವೀಡ್.

ಶಾಲೆ ತೆರೆದರು, ಕಲಿಸಿದ್ದು ಎಷ್ಟು ದಿನ?

ಮೊದಮೊದಲು ಪಾಮರ್ ಈ ವಿದ್ಯೆಯನ್ನು ಗುಟ್ಟಾಗಿಡಲು ನೋಡಿದರು. ಆಮೇಲೆ ಮನಸ್ಸು ಬದಲಿಸಿ 1897ರಲ್ಲಿ ಡ್ಯಾವೆನ್‌ಪೋರ್ಟ್‌ನಲ್ಲೇ ಶಾಲೆ ಶುರು ಮಾಡಿದರು. ಮೊದಲ ಕೆಲವು ವರ್ಷ ಬೆರಳೆಣಿಕೆಯಷ್ಟು ವಿದ್ಯಾರ್ಥಿಗಳು. ಅವರಲ್ಲಿ ಆಗಲೇ ವೈದ್ಯರಾಗಿದ್ದವರೂ ಇದ್ದರು, ಏನನ್ನೂ ಓದದವರೂ ಇದ್ದರು. ಕೆಲವೇ ತಿಂಗಳಲ್ಲಿ ಕಲಿಕೆ ಮುಗಿದು ಪ್ರಮಾಣಪತ್ರ ಸಿಗುತ್ತಿತ್ತು. ಮಗ ಬಿ.ಜೆ. 1902ರಲ್ಲಿ ಅಲ್ಲಿಂದಲೇ ತೇರ್ಗಡೆಯಾದರು.

ಸಿದ್ಧಾಂತ ಬರೆದವರು, ಪಾಠ ಹೇಳಿದವರು, ಪರೀಕ್ಷೆ ಮಾಡಿದವರು, ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಎಲ್ಲ ಒಬ್ಬರೇ. ಹೊರಗಿನವರು ಬಂದು ನೀವು ಕಲಿಸುತ್ತಿರುವುದು ಸರಿಯೇ ಎಂದು ಕೇಳುವ ವ್ಯವಸ್ಥೆ ಇರಲಿಲ್ಲ. ವಾರಾಂತ್ಯದ ಕೋರ್ಸ್ ಮಾಡಿ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕುವವರನ್ನು ನೋಡಿದಾಗ ನಾವು ನೆನಪಿಡಬೇಕಾದದ್ದು ಇದನ್ನೇ. ಸರ್ಟಿಫಿಕೇಟ್ ಇದೆಯೇ ಎಂದು ನೋಡಿದರೆ ಸಾಲದು, ಅದನ್ನು ಕೊಟ್ಟವರನ್ನು ಯಾರು ಪರೀಕ್ಷಿಸಿದ್ದಾರೆ ಎಂಬುದನ್ನೂ ಕೇಳಬೇಕು.

ಲೈಸೆನ್ಸ್ ಇಲ್ಲದ್ದಕ್ಕೆ ಜೈಲು

ಅಷ್ಟರಲ್ಲಿ ಅಮೆರಿಕದ ರಾಜ್ಯಗಳು ವೈದ್ಯ ವೃತ್ತಿಗೆ ಲೈಸೆನ್ಸ್ ಕಡ್ಡಾಯ ಮಾಡತೊಡಗಿದ್ದವು. 1906ರಲ್ಲಿ ಲೈಸೆನ್ಸ್ ಇಲ್ಲದೆ ವೈದ್ಯ ವೃತ್ತಿ ಮಾಡಿದ ಆರೋಪದ ಮೇಲೆ ಪಾಮರ್ ಅಯೋವಾದ ಕೋರ್ಟಿನ ಕಟಕಟೆಯಲ್ಲಿ ನಿಂತರು. ತಪ್ಪಿತಸ್ಥ ಎಂದು ತೀರ್ಪಾಯಿತು. 350 ಡಾಲರ್ ದಂಡ ಕಟ್ಟಬೇಕು, ಇಲ್ಲದಿದ್ದರೆ 105 ದಿನ ಜೈಲಿನಲ್ಲಿರಬೇಕು.

ದಂಡ ಕಟ್ಟುವ ಶಕ್ತಿ ಅವರಿಗಿತ್ತು. ಆದರೆ ತಾವು ಮಾಡುವುದು ವೈದ್ಯಕೀಯವೇ ಅಲ್ಲ, ಔಷಧಿಯನ್ನೇ ಕೊಡದವರಿಗೆ ಡಾಕ್ಟರ ಲೈಸೆನ್ಸ್ ಏಕೆ ಎಂಬ ಹಟದಿಂದ ಜೈಲಿಗೆ ಹೋದರು. ಅರವತ್ತು ದಾಟಿದ ವಯಸ್ಸು. ಮೂರು ವಾರ ಕಳೆಯುವ ಹೊತ್ತಿಗೆ ದಂಡ ಕಟ್ಟಿ ಹೊರಬಂದರು.

ಅವರ ಬೆಂಬಲಿಗರ ಕಣ್ಣಿಗೆ ಅವರು ಹುತಾತ್ಮರಂತೆ ಕಂಡರು. ಡಾಕ್ಟರುಗಳ ಸಂಘಟನೆ ತನ್ನ ಗಿರಾಕಿಗಳನ್ನು ಉಳಿಸಿಕೊಳ್ಳಲು ಹೀಗೆ ಮಾಡಿಸಿತು ಎಂಬ ದೂರೂ ಇತ್ತು. ಅದರಲ್ಲಿ ಸ್ವಲ್ಪ ಹುರುಳೂ ಇದ್ದಿರಬಹುದು. ಆದರೆ ರೋಗಿಯ ಕಡೆಯಿಂದ ನೋಡಿದರೆ ಕಾನೂನು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕುತ್ತಿಗೆ ಹಿಡಿಯುವವರು ಏನು ಕಲಿತಿದ್ದಾರೆ ಎಂದು ತಿಳಿಯುವ ಹಕ್ಕು ನಮಗಿಲ್ಲವೇ?

ಕೊನೆಯ ವರ್ಷಗಳು

ಜೈಲಿನಿಂದ ಬಂದ ಪಾಮರ್ ಅವರಿಗೆ ಶಾಲೆ ಉಳಿಯಲಿಲ್ಲ. ಸುಮಾರು 2,200 ಡಾಲರಿಗೆ ಅದು ಮಗನ ಪಾಲಾಯಿತು. ಅಪ್ಪ–ಮಗನ ನಡುವೆ ಮಾತು ಮುರಿಯಿತು. ಪಾಮರ್ ಒಕ್ಲಹೋಮಾಕ್ಕೆ, ಅಲ್ಲಿಂದ ಪಶ್ಚಿಮ ಕರಾವಳಿಯ ಪೋರ್ಟ್‌ಲ್ಯಾಂಡ್‌ಗೆ ಹೋಗಿ ಮತ್ತೆ ಶಾಲೆ ಕಟ್ಟಲು ನೋಡಿದರು. ಯಾವುದೂ ಗಟ್ಟಿಯಾಗಿ ನಿಲ್ಲಲಿಲ್ಲ. 1910ರಲ್ಲಿ ತಮ್ಮ ಸಿದ್ಧಾಂತವನ್ನೆಲ್ಲ ಸೇರಿಸಿ ದಪ್ಪ ಪುಸ್ತಕ ಬರೆದರು. ಅದರಲ್ಲಿ ಮಗನನ್ನೂ ಇತರ ಶಾಲೆಯವರನ್ನೂ ಕಟುವಾಗಿ ಟೀಕಿಸಿದರು.

ಅದೇ 1910ರಲ್ಲಿ ಅಮೆರಿಕ, ಕೆನಡಾಗಳ 155 ವೈದ್ಯಕೀಯ ಶಾಲೆಗಳನ್ನು ಸುತ್ತಿ ನೋಡಿ ಏಬ್ರಹಾಂ ಫ್ಲೆಕ್ಸ್‌ನರ್ ಬರೆದ ವರದಿಯೂ ಹೊರಬಂತು. ಪ್ರಯೋಗಾಲಯವಿಲ್ಲದ, ಆಸ್ಪತ್ರೆಯಿಲ್ಲದ ಶಾಲೆಗಳ ಬಣ್ಣ ಅದರಲ್ಲಿ ಬಯಲಾಯಿತು. ಮುಂದಿನ ವರ್ಷಗಳಲ್ಲಿ ಅಂಥ ಎಷ್ಟೋ ಶಾಲೆಗಳು ಬಾಗಿಲು ಹಾಕಿದವು. ಅಂದರೆ ಕಳಪೆ ಕಲಿಕೆ ಡಾಕ್ಟರುಗಳಲ್ಲೂ ಇತ್ತು. ಹೊರಗಿನವರ ಪರೀಕ್ಷೆಗೆ ಒಪ್ಪಿಕೊಂಡಾಗ ಅದು ಸುಧಾರಿಸಿತು.

ಪಾಮರ್ 1913ರ ಅಕ್ಟೋಬರ್ 20ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಮೊದಲು ಡ್ಯಾವೆನ್‌ಪೋರ್ಟ್‌ನ ಮೆರವಣಿಗೆಯಲ್ಲಿ ಮಗನ ಕಾರು ಅವರಿಗೆ ತಾಗಿತ್ತು, ಅದರಿಂದಲೇ ಸತ್ತರು ಎಂಬ ಮಾತು ಹಬ್ಬಿತು. ಆ ಆರೋಪ ನಿಲ್ಲಲಿಲ್ಲ. ಸಾವಿಗೆ ಕಾರಣ ಎಂದು ದಾಖಲಾದದ್ದು ಟೈಫಾಯ್ಡ್. ರೋಗಾಣುವಿನಿಂದ ಬರುವ ಕಾಯಿಲೆ ಅದು. ಅಮೆರಿಕದ ಸೇನೆ 1911ರಲ್ಲೇ ತನ್ನ ಸೈನಿಕರಿಗೆ ಟೈಫಾಯ್ಡ್ ಲಸಿಕೆ ಕಡ್ಡಾಯ ಮಾಡಿತ್ತು.

ಅವರ ನಂತರ ಏನಾಯಿತು?

ಪಾಮರ್ ಹೋದ ವರ್ಷವೇ ಕ್ಯಾನ್ಸಸ್ ರಾಜ್ಯ ಕೈರೋಪ್ರಾಕ್ಟರುಗಳಿಗೆ ಪ್ರತ್ಯೇಕ ಲೈಸೆನ್ಸ್ ಕೊಡುವ ಕಾನೂನು ಮಾಡಿತು. ಅಂಥ ಮೊದಲ ಕಾನೂನು ಅದು. ಕೊನೆಯ ರಾಜ್ಯವಾದ ಲೂಸಿಯಾನಾ ಒಪ್ಪಿದ್ದು 1974ರಲ್ಲಿ. ಈ ನಡುವಿನ 60 ವರ್ಷದಲ್ಲಿ ನೂರಾರು ಕೈರೋಪ್ರಾಕ್ಟರುಗಳು ಜೈಲು ಕಂಡರು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನ ಸದಸ್ಯರು ಅವರೊಡನೆ ವ್ಯವಹರಿಸದಂತೆ ತಡೆದಿತ್ತು. ಇದು ಕಾನೂನುಬಾಹಿರ ಎಂದು 1987ರಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ಆದರೆ ಅವರ ಜೊತೆ ವ್ಯವಹರಿಸಬಾರದು ಎಂದು ಗುಂಪುಕಟ್ಟಿದ್ದು ತಪ್ಪು ಎಂದಷ್ಟೇ ಆ ತೀರ್ಪಿನ ಅರ್ಥ. ಚಿಕಿತ್ಸೆ ಎಲ್ಲ ಕಾಯಿಲೆಗೂ ಕೆಲಸ ಮಾಡುತ್ತದೆ ಎಂದು ಕೋರ್ಟ್ ಹೇಳಿಲ್ಲ. ಫಾರ್ವರ್ಡುಗಳಲ್ಲಿ ಇವೆರಡನ್ನೂ ಬೆರೆಸಿಬಿಡುತ್ತಾರೆ.

ಇವತ್ತು ಕೈರೋಪ್ರಾಕ್ಟರ್ ಆಗಲು ಏನು ಓದಬೇಕು?

ಅಮೆರಿಕದಲ್ಲಿ ಮೊದಲು ಸುಮಾರು ಮೂರು ವರ್ಷ ವಿಜ್ಞಾನ ವಿಷಯಗಳಿರುವ ಕಾಲೇಜು ಓದು ಬೇಕು. ಆಮೇಲೆ ನಾಲ್ಕು ವರ್ಷದ ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್ ಪದವಿ. ಅದರಲ್ಲಿ ಶರೀರರಚನೆ, ಶರೀರಕ್ರಿಯೆ, ರೋಗಶಾಸ್ತ್ರ, ಎಕ್ಸ್‌ರೇ ಓದುವುದು ಎಲ್ಲ ಸೇರಿರುತ್ತವೆ. ನಂತರ ನಾಲ್ಕು ಭಾಗದ ರಾಷ್ಟ್ರಮಟ್ಟದ ಪರೀಕ್ಷೆ, ಕೊನೆಗೆ ರಾಜ್ಯದ ಲೈಸೆನ್ಸ್. ಈ ಪದವಿ ಎಂಬಿಬಿಎಸ್ ಅಥವಾ ಎಂಡಿಗೆ ಸಮವಲ್ಲ. ಸಾಮಾನ್ಯವಾಗಿ ಇವರು ಔಷಧಿ ಬರೆಯುವಂತಿಲ್ಲ, ಆಪರೇಷನ್ ಮಾಡುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಪೂರ್ಣ ತರಬೇತಿಗೆ ಕನಿಷ್ಠ 4,200 ಗಂಟೆಯ ಪಾಠ ಬೇಕು. ಅದರಲ್ಲಿ ಕನಿಷ್ಠ 1,000 ಗಂಟೆ ಹಿರಿಯರ ಕಣ್ಣೆದುರಿನಲ್ಲಿ ರೋಗಿಗಳನ್ನು ನೋಡಿರಬೇಕು. ಬ್ರಿಟನ್ನಿನಲ್ಲಿ 1994ರ ಕಾಯ್ದೆ ಪ್ರಕಾರ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್‌ನಲ್ಲಿ ನೋಂದಾಯಿಸದವರು ಕೈರೋಪ್ರಾಕ್ಟರ್ ಎಂದು ಹೇಳಿಕೊಳ್ಳುವುದೇ ಅಪರಾಧ.

ಭಾರತದಲ್ಲಿ ಹೇಗೆ? ಇಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಇಂಥ ಕೌನ್ಸಿಲ್ ಇಲ್ಲ, ಸರ್ಕಾರಿ ಲೈಸೆನ್ಸ್ ಪರೀಕ್ಷೆಯೂ ಇಲ್ಲ. ವಿದೇಶದಲ್ಲಿ ಪೂರ್ತಿ ಓದಿ ಬಂದವರೂ ಬೋರ್ಡ್ ಹಾಕಬಹುದು, ನಾಲ್ಕು ದಿನದ ಕೋರ್ಸ್ ಮಾಡಿದವರೂ ಹಾಕಬಹುದು. ಹೊರಗಿನಿಂದ ನೋಡಿದರೆ ಎರಡೂ ಬೋರ್ಡ್ ಒಂದೇ ಥರ ಕಾಣುತ್ತವೆ. ಫಿಸಿಯೋಥೆರಪಿ ವಿಷಯ ಹಾಗಲ್ಲ. ಅದಕ್ಕೆ ವಿಶ್ವವಿದ್ಯಾಲಯದ ಬಿಪಿಟಿ ಪದವಿ ಇದೆ, 2021ರ ಕೇಂದ್ರ ಕಾಯ್ದೆಯಲ್ಲಿ ಆ ವೃತ್ತಿಗೆ ಸ್ಥಾನವೂ ಇದೆ.

ಹಾಗಾದರೆ ಇದು ಪೂರ್ತಿ ಸುಳ್ಳೇ?

ಅಲ್ಲ. ಸೊಂಟನೋವಿಗೆ ಬೆನ್ನುಮೂಳೆಯನ್ನು ಕೈಯಿಂದ ಸರಿಮಾಡುವ ಚಿಕಿತ್ಸೆ ಸ್ವಲ್ಪ ಮಟ್ಟಿಗೆ ಉಪಯೋಗ ಎಂದು ಅಧ್ಯಯನಗಳು ಹೇಳುತ್ತವೆ. ವ್ಯಾಯಾಮ, ಫಿಸಿಯೋಥೆರಪಿ ಕೊಡುವಷ್ಟೇ ಪ್ರಯೋಜನ, ಅದಕ್ಕಿಂತ ಹೆಚ್ಚೇನಲ್ಲ. ಅಸ್ತಮಾ, ಬಿಪಿ, ಶುಗರ್, ಕಿವುಡುತನಕ್ಕೆ ಇದು ಮದ್ದು ಎನ್ನಲು ಒಳ್ಳೆಯ ಪುರಾವೆ ಇಲ್ಲ.

ಲಟಕ್ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನ ಒಳಗೆ ಎಣ್ಣೆಯಂಥ ದ್ರವ ಇರುತ್ತದೆ. ಕೀಲನ್ನು ಥಟ್ಟನೆ ಎಳೆದಾಗ ಅಲ್ಲಿ ಒತ್ತಡ ಇಳಿದು ಗಾಳಿಗುಳ್ಳೆಯಂಥ ಟೊಳ್ಳು ಉಂಟಾಗುತ್ತದೆ. ಬೆರಳಿನ ನೆಟಿಕೆ ಮುರಿಯುವಾಗ ಹೀಗಾಗುವುದನ್ನು ಕೆನಡಾದ ವಿಜ್ಞಾನಿಗಳು 2015ರಲ್ಲಿ ಎಂಆರ್‌ಐ ಯಂತ್ರದಲ್ಲಿ ಸೆರೆಹಿಡಿದರು. ಸದ್ದು ಜೋರಾಗಿ ಬಂದರೆ ಚಿಕಿತ್ಸೆ ಚೆನ್ನಾಗಿ ಆಯಿತು ಎಂದೇನೂ ಅಲ್ಲ.

ಅಪಾಯ ಇರುವುದು ಕುತ್ತಿಗೆಯಲ್ಲಿ. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಮಣಿಗಳ ತೂತುಗಳ ಮೂಲಕವೇ ಮೇಲೆ ಹೋಗುತ್ತವೆ. ಜೋರಾಗಿ ತಿರುಗಿಸಿದಾಗ ಅದರ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಇದು ಅಪರೂಪ, ಆದರೆ ಆದರೆ ಜೀವಕ್ಕೇ ಕುತ್ತು. ಸಲೂನಿನಲ್ಲಿ ಕಟಿಂಗ್ ಮುಗಿದ ಮೇಲೆ ಕುತ್ತಿಗೆ ತಿರುಗಿಸುವಾಗಲೂ ಇದೇ ಅಪಾಯ ಇರುತ್ತದೆ. ಅದನ್ನು ಬೇಡ ಎಂದು ಮೊದಲೇ ಹೇಳುವುದು ಕ್ಷೇಮ.

ಹೋಗುವ ಮುನ್ನ ಇಷ್ಟು ಕೇಳಿ

• ಏನು ಓದಿದ್ದೀರಿ, ಎಲ್ಲಿ, ಎಷ್ಟು ವರ್ಷ? ಯಾವ ಕೌನ್ಸಿಲ್‌ನಲ್ಲಿ ನೋಂದಣಿ ಇದೆ, ನಂಬರ್ ಏನು? ಮಕ್ಕಳು ಅಮೆರಿಕ, ಬ್ರಿಟನ್ನಿನಲ್ಲಿದ್ದು ನೀವು ಅಲ್ಲಿ ತೋರಿಸಿಕೊಳ್ಳುವುದಾದರೆ, ಲೈಸೆನ್ಸ್ ಇದೆಯೇ ಎಂಬುದನ್ನು ಆಯಾ ಕೌನ್ಸಿಲ್ ಅಥವಾ ಬೋರ್ಡಿನ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು.
• ಮುಟ್ಟುವ ಮೊದಲು ಹಳೆಯ ಕಾಯಿಲೆ, ಮಾತ್ರೆ, ಏಟಿನ ಬಗ್ಗೆ ವಿಚಾರಿಸಿ ಪರೀಕ್ಷೆ ಮಾಡಿದರೇ? ಮಾಡದಿದ್ದರೆ ಎದ್ದು ಬನ್ನಿ.
• ಎಲ್ಲ ಕಾಯಿಲೆಗೂ ಇದೊಂದೇ ಸಾಕು, ಮಾತ್ರೆ ನಿಲ್ಲಿಸಿ ಎನ್ನುತ್ತಾರೆಯೇ? ಹಾಗಾದರೆ ಅದು 1895ರ ಮಾತು.
• ಮೂಳೆ ಸವೆತ, ಕ್ಯಾನ್ಸರ್, ಜ್ವರದ ಜೊತೆ ಬೆನ್ನುನೋವು, ಕಾಲು ಶಕ್ತಿ ಕಳೆದುಕೊಳ್ಳುವುದು, ಮೂತ್ರ ಹಿಡಿತ ತಪ್ಪುವುದು ಇದ್ದರೆ ಮೊದಲು ಆಸ್ಪತ್ರೆಗೆ ಹೋಗಿ.
• ಕುತ್ತಿಗೆ ತಿರುಗಿಸಿದ ಮೇಲೆ ಹಿಂದೆಂದೂ ಬಾರದ ತಲೆನೋವು, ತಲೆಸುತ್ತು, ಮಾತು ತೊದಲುವುದು, ಎರಡೆರಡಾಗಿ ಕಾಣುವುದು, ಮೈಯ ಒಂದು ಪಕ್ಕ ಜೋಮು ಹಿಡಿಯುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಪಾಮರ್ ಅವರು ಮೋಸ ಮಾಡಲೆಂದೇ ಹೊರಟವರು ಎಂದು ಹೇಳಲು ನಮ್ಮ ಬಳಿ ಕಾರಣವಿಲ್ಲ. ಅವರು ತಮ್ಮ ಮಾತನ್ನು ತಾವೇ ನಂಬಿದ್ದರು, ಅದಕ್ಕಾಗಿ ಜೈಲಿಗೂ ಹೋದರು. ಆದರೆ ನಂಬಿಕೆಯೇ ಬೇರೆ, ಕಲಿಕೆಯೇ ಬೇರೆ. ಅವರು ಬೇಡವೆಂದ ಓದು, ಪರೀಕ್ಷೆ, ಲೈಸೆನ್ಸ್ ಇವುಗಳನ್ನು ಒಪ್ಪಿಕೊಂಡ ಮೇಲೆಯೇ ಅವರ ವಿದ್ಯೆಗೆ ಕಾನೂನಿನ ಬಾಗಿಲು ತೆರೆಯಿತು. ಮುಂದಿನ ಸಲ ಆ ವಿಡಿಯೋ ಬಂದರೆ, ಫಾರ್ವರ್ಡ್ ಒತ್ತುವ ಮೊದಲು ಅಲ್ಲಿ ಕುತ್ತಿಗೆ ಹಿಡಿದವರ ಓದು ಏನು ಎಂದು ಒಮ್ಮೆ ಹುಡುಕಿ ನೋಡಿ. ಉತ್ತರ ಸಿಗದಿದ್ದರೆ ಅದನ್ನು ಯಾರಿಗೂ ಕಳಿಸಬೇಡಿ.